ಒಂದೇ ಮೈಕಿನ ಡಬ್ಬಿ

ಶೇಂಗಾ ನೋಡುವುದು ನನ್ನ ಕೆಲಸ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ಬರುವ ಚೀಲಗಳಿಂದ ಒಂದೊಂದು ಹಿಡಿ ತೆಗೆದು, ಸುಲಿದು, ಬೀಜ ಉಜ್ಜಿ, ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಹೇಳಬೇಕು. ಇಷ್ಟು ವರ್ಷ ಇದನ್ನೇ ಮಾಡಿ ನನಗೊಂದು ಚಟ ಅಂಟಿಕೊಂಡಿದೆ. ಒಂದು ಜೊತೆ ಚಪ್ಪಲಿ ಬೇಕಾದರೂ ನಾಲ್ಕು ಅಂಗಡಿ ಸುತ್ತಿ, ಮಡಚಿ ನೋಡಿ, ಮೂಸಿ ನೋಡಿ, ಕೊನೆಗೆ ಮೊದಲನೇ ಅಂಗಡಿಗೇ ವಾಪಸು ಹೋಗುವವನು ನಾನು. ನನ್ನ ಹೆಂಡತಿಗೆ ಇದು ಸಾಕು ಸಾಕಾಗಿದೆ. ಅಂಥವನ ಪಾಲಿಗೆ ಆಡಿಯೋ ಇಂಟರ್ಫೇಸ್ ಆರಿಸುವ ಕೆಲಸ ಬಂದರೆ ಏನಾಗಬೇಕೋ ಅದೇ ಆಯಿತು.

ಅದು ಬೇಕಾಗಿದ್ದು ದೊಡ್ಡವ್ವನಿಗಾಗಿ. ನಮ್ಮವ್ವನ ಅಕ್ಕ ಅವಳು, ಇರುವುದು ಮೊಳಕಾಲ್ಮುರಿನಲ್ಲಿ. ದೊಡ್ಡಪ್ಪ ರೇಷ್ಮೆ ಸೀರೆ ನೇಯುತ್ತಾನೆ, ದೊಡ್ಡವ್ವ ಪಕ್ಕದಲ್ಲಿ ಕೂತು ಮಗ್ಗಕ್ಕೆ ಬೇಕಾದ ನೂಲು ಸುತ್ತುತ್ತಾಳೆ. ಆದರೆ ಆ ಓಣಿಗಳಲ್ಲಿ ಅವಳನ್ನು ಕರೆಯುವುದು ನೂಲಿಗಲ್ಲ, ಸೋಬಾನೆಗೆ. ಮದುಮಗಳನ್ನು ಹಸೆಗೆ ಕರೆಯಬೇಕಾದರೆ ಪುರೋಹಿತರು ತಡವಾದರೂ ನಡೆದೀತು, ದೊಡ್ಡವ್ವ ಬರದೆ ಯಾರೂ ಮಣೆ ಹಾಕುತ್ತಿರಲಿಲ್ಲ. ಕಳೆದ ವರ್ಷ ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ದಪ್ಪವಾಯಿತು. ಆಪರೇಷನ್ ಆಗಲೇಬೇಕು ಎಂದ ಡಾಕ್ಟರು, ಜೀವಕ್ಕೆ ಭಯವಿಲ್ಲ, ಆದರೆ ದನಿ ಬದಲಾಗಬಹುದು, ಮೊದಲಿನಂತೆಯೇ ಇರುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ದೊಡ್ಡವ್ವ ಫೋನಿನಲ್ಲಿ ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಆ ದನಿಯನ್ನು ಆಪರೇಷನ್ನಿಗೆ ಮೊದಲೇ ಹಿಡಿದಿಡಬೇಕೆಂದು ಅವತ್ತೇ ನಿಶ್ಚಯಿಸಿದೆ.

ಫೋನಿನಲ್ಲಿ ಹಿಡಿದರೆ ಫ್ಯಾನಿನ ಸದ್ದೇ ಮುಂದೆ ಬರುತ್ತದೆ. ಮನೆಯಲ್ಲಿ ಮಗಳ ಓದಿಗೆಂದು ತಂದ ಹಳೆಯ ಲ್ಯಾಪ್‌ಟಾಪ್ ಇತ್ತು. ಒಳ್ಳೆಯ ಮೈಕಿನಿಂದ ದನಿಯನ್ನು ಅದರೊಳಕ್ಕೆ ಒಯ್ಯುವ ಒಂದು ಡಬ್ಬಿ ಸಾಕು, ಅದೇ ಇಂಟರ್ಫೇಸ್ ಎಂದು ತಿಳಿಯಿತು. ಮಿಲ್ಲಿನಲ್ಲಿ ಊಟದ ಹೊತ್ತಿಗೆ ವಿಡಿಯೋ ನೋಡುತ್ತ ಕೂತೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ತೀರಾ ಅಗ್ಗದ್ದರಲ್ಲಿ ದನಿ ಏರಿಸಿದರೆ ಹಿಂದೆ ಗುಂಯ್ ಎನ್ನುತ್ತದಂತೆ. ಕೆಲವು ಡಬ್ಬಿಗಳು ಒಳ್ಳೆಯ ಮೈಕಿಗೆ ಬೇಕಾದಷ್ಟು ಕರೆಂಟು ಕೊಡುವುದಿಲ್ಲವಂತೆ. ಇನ್ನು ಕೆಲವು ಹಾಡಿದ್ದನ್ನು ಹಾಡಿದ ಕ್ಷಣವೇ ಕಿವಿಗೆ ಕೇಳಿಸದೆ, ಕಂಪ್ಯೂಟರಿಗೆ ಹೋಗಿ ಬಂದು ತಡವಾಗಿ ಕೇಳಿಸುತ್ತವಂತೆ. ಶೇಂಗಾದ ಹಾಗೆ ಇದನ್ನು ಉಜ್ಜಿ ನೋಡುವಂತಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು.

ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಗೆಳೆಯನೊಬ್ಬ ಸಂತೆಪೇಟೆಯಲ್ಲಿ ಇದ್ದಾನೆ. ಅವನನ್ನೂ ಕೇಳಿದೆ.

"ಲೇ, ಎರಡು ಮೈಕ್ ಹಾಕೋ ಅಂಥದ್ದು ತಗಳೋ. ಮುಂದಕ್ಕೆ ಬೇಕಾಗ್ತೈತೆ," ಎಂದ.

"ಹಾಡೋದು ನಮ್ಮ ದೊಡ್ಡವ್ವ ಒಬ್ಳೇ. ಬಾಯಿ ಒಂದೇ ಐತೆ, ಎರಡು ಮೈಕ್ ಯಾಕೆ?" ಎಂದೆ.

ಅವನು ನನ್ನ ಮುಖವನ್ನೇ ನೋಡಿ, "ನಿನ್ನ ಜೊತೆ ಯಾವನು ವಾದ ಮಾಡ್ತಾನೆ," ಎಂದು ಚಹಾ ಹೇಳಿದ. ನಾನು ಮೂರು ವಾರ ತೂಗಿ ನೋಡಿ, ಒಂದೇ ಮೈಕಿನ ಡಬ್ಬಿ ತರಿಸಿದೆ. ಉಳಿದ ದುಡ್ಡಿನಲ್ಲಿ ಮೈಕನ್ನು ಒಳ್ಳೆಯದೇ ಕೊಂಡೆ. ಡಬ್ಬಿ ಸಾಬೂನಿನ ಪೆಟ್ಟಿಗೆಯಷ್ಟೇ ಇತ್ತು, ಸದ್ದಿಲ್ಲದೆ ಕೆಲಸ ಮಾಡಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಪರೇಷನ್ನಿಗೆ ನಾಲ್ಕು ದಿನವಿದೆ ಎನ್ನುವಾಗ ಮೊಳಕಾಲ್ಮುರಿಗೆ ಹೋದೆವು. ಹೇಗಿದ್ದರೂ ದೊಡ್ಡವ್ವನನ್ನು ನೋಡಬೇಕೆಂದು ಹೆಂಡತಿಯೂ ಬಂದಿದ್ದಳು. ದೊಡ್ಡಪ್ಪ ಮಗ್ಗ ನಿಲ್ಲಿಸಿ ಕಟ್ಟೆಯ ಮೇಲೆ ಹೋಗಿ ಕೂತ. ಫ್ಯಾನು ಆರಿಸಿ, ಕಿಟಕಿಗೆ ಕೌದಿ ಕಟ್ಟಿ, ದೊಡ್ಡವ್ವನನ್ನು ಮೈಕಿನ ಮುಂದೆ ಕೂರಿಸಿದೆ. ಮೈಕ್ ನೋಡಲು ಏನಾದರೂ ಹೇಳು ಎಂದರೆ, "ಒಕಟಿ, ರೆಂಡು, ಮೂಡು," ಎಂದು ತೆಲುಗಿನಲ್ಲಿ ಎಣಿಸಿದಳು. ಸೀರೆ ವ್ಯಾಪಾರಿಗಳ ಜೊತೆ ಮಾತಾಡಿ ಅಭ್ಯಾಸ. ಕಿವಿಗೆ ಹೆಡ್‌ಫೋನ್ ಇಡಲು ಹೋದರೆ ಬೇಡವೇ ಬೇಡವೆಂದಳು.

ಹಸೆಗೆ ಕರೆಯುವ ಹಾಡನ್ನು ಎತ್ತಿದಳು. ಮೊದಲ ಸಾಲು ಹೊರಟಾಗ ನನ್ನ ಮೈ ಜುಂ ಎಂದಿತು. ಸಾಲು ಮುಗಿಯಿತು. ದೊಡ್ಡವ್ವ ಸುಮ್ಮನಾದಳು. ನಾನು ಮುಂದಿನದನ್ನು ಕಾಯುತ್ತಿದ್ದೆ, ಅವಳು ನನ್ನನ್ನು ಕಾಯುತ್ತಿದ್ದಳು.

"ಯಾಕೆ ನಿಲ್ಸಿದೆ ದೊಡ್ಡವ್ವ?"

"ಎತ್ಕಳ್ಳೋರು ಎಲ್ಲಪ್ಪಾ?"

ಸೋಬಾನೆಯಲ್ಲಿ ಒಬ್ಬರು ಸಾಲು ಹೇಳಿದರೆ ಜೊತೆಯವರು ಅದನ್ನೇ ಎತ್ತಿಕೊಂಡು ಇನ್ನೊಮ್ಮೆ ಹಾಡುತ್ತಾರೆ. ಮುಂದೆ ಹಾಡುವವಳು ಉಸಿರು ತೆಗೆದುಕೊಳ್ಳುವುದೂ, ಮುಂದಿನ ಸಾಲು ನೆನೆಸಿಕೊಳ್ಳುವುದೂ ಆ ಹೊತ್ತಿನಲ್ಲೇ. ಇದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಾನು ಹುಟ್ಟಿದಾಗಿನಿಂದ ಸೋಬಾನೆ ಕೇಳಿದವನೇ, ಆದರೆ ಊಟದ ಪಂಕ್ತಿಯಿಂದ, ದೂರದಿಂದ. ಅಲ್ಲಿಗೆ ಮುಟ್ಟುತ್ತಿದ್ದುದು ದೊಡ್ಡವ್ವನ ದನಿಯೊಂದೇ. ಅವಳು ಒಬ್ಬಳೇ ಹಾಡುತ್ತಾಳೆಂದೇ ನಾನು ನಂಬಿದ್ದೆ. ಮೂರು ವಾರ ವಿಡಿಯೋ ನೋಡಿದವನು ಹಾಡುವವಳನ್ನು ಒಂದು ಮಾತು ಕೇಳಿರಲಿಲ್ಲ.

ಮರ್ಯಾದೆ ಉಳಿಸಿಕೊಳ್ಳಲು, "ನಾನೇ ಎತ್ಕಳ್ತೀನಿ," ಎಂದು ಬಾಯಿ ತೆರೆದೆ. ಎರಡು ಸಾಲಿಗೇ ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಹೊರಗಿನಿಂದ ದೊಡ್ಡಪ್ಪ, "ಯಾರದು ಎಮ್ಮೆ ಕಟ್ಟಿರೋದು?" ಎಂದ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸರೀರಿ ಆ ಕಡೆ," ಎಂದು ಕೈ ಒರೆಸಿಕೊಂಡು ಬಂದು ದೊಡ್ಡವ್ವನ ಹಿಂದೆ ಕೂತಳು. ಅವಳ ತವರು ನನ್ನಿವಾಳ. ಅಲ್ಲಿ ಅವಳು ಹತ್ತು ವರ್ಷದವಳಿದ್ದಾಗಿನಿಂದ ಎತ್ತಿಕೊಳ್ಳುವ ಗುಂಪಿನಲ್ಲಿದ್ದಳಂತೆ. ಮದುವೆಯಾಗಿ ಹದಿನಾಲ್ಕು ವರ್ಷ ನನಗದು ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, "ನೀವು ಕೇಳಿದ್ರಾ?" ಎಂದಳು.

ಇರುವುದೊಂದೇ ಮೈಕು. ಹೆಂಡತಿಯ ದನಿ ದೊಡ್ಡವ್ವನದನ್ನು ಮುಚ್ಚದಂತೆ ಅವಳನ್ನು ಒಂದು ಮೊಳ ಹಿಂದಕ್ಕೆ, ಮತ್ತೊಂದು ಗೇಣು ಬಲಕ್ಕೆ ಸರಿಸಿದೆ. ಅವಳು ಬೈದುಕೊಂಡೇ ಸರಿದಳು. ಆಮೇಲೆ ಇಬ್ಬರೂ ಶುರು ಮಾಡಿದರು. ಒಂದು ಸಾಲು ಮುಗಿಯುವ ಮುಂಚೆಯೇ ಇನ್ನೊಂದು ದನಿ ಅದರ ತುದಿ ಹಿಡಿಯುತ್ತಿತ್ತು. ಹಸೆಯ ಹಾಡು, ಅರಿಶಿನದ್ದು, ಮಗಳನ್ನು ಕಳಿಸಿಕೊಡುವುದು, ಹೀಗೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂಬತ್ತು ಹಾಡಾದವು. ಕಳಿಸಿಕೊಡುವ ಹಾಡಿಗೆ ದೊಡ್ಡಪ್ಪ ಒಳಗೆ ಬಂದು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದ. ನನಗೆ ಅಳು ಬಂದಿತ್ತು, ಮುಚ್ಚಿಡುವುದೇನು. ದನಿ ಉಳಿಯಿತಲ್ಲ ಎಂಬ ನೆಮ್ಮದಿಯೂ ಅದರಲ್ಲಿ ಸೇರಿತ್ತು.

ಆಪರೇಷನ್ ಸಲೀಸಾಗಿ ಆಯಿತು. ದನಿ ಮಾತ್ರ ಡಾಕ್ಟರು ಹೇಳಿದಂತೆಯೇ ಬದಲಾಯಿತು. ಮಾತಿಗೆ ತೊಂದರೆಯಿಲ್ಲ, ಹಾಡಲು ಹೋದರೆ ಅರ್ಧದಲ್ಲೇ ಒಡೆಯುತ್ತದೆ, ಮೇಲಕ್ಕೆ ಏರುವುದಿಲ್ಲ. ಎರಡು ತಿಂಗಳ ಮೇಲೆ ಹೆಂಡತಿಯ ಜೊತೆ ಹೋಗಿ ರೆಕಾರ್ಡು ಹಾಕಿದೆ. ದೊಡ್ಡವ್ವ ಎರಡು ಹಾಡು ಕೇಳಿ, "ಚೆನ್ನಾಗೈತೆ ಕಣಪ್ಪ. ಇಟ್ಕೋ," ಎಂದಳು. ಮೂರನೆಯದು ಬೇಡವೆಂದಳು. ಅವಳ ಕಣ್ಣು ಬೀದಿಯ ಕಡೆಗಿತ್ತು. ಮುಂದಿನ ವಾರ ನಾಲ್ಕು ಮನೆಯಾಚೆ ಮದುವೆ ಇತ್ತು, ಸೋಬಾನೆಗೆ ಕರೆಯಲು ಯಾರೂ ಬಂದಿರಲಿಲ್ಲ. ಪಾಪ, ಕರೆದರೆ ನೋವಾದೀತೆಂದು ಅವರು ಸುಮ್ಮನಿದ್ದರು. ದನಿ ಉಳಿಸಿದೆ ಎಂದು ಹಿಗ್ಗಿದ್ದ ನಾನು ಅವಳು ಏನನ್ನು ಕಳೆದುಕೊಂಡಿದ್ದಾಳೆಂದು ನೋಡಿದ್ದು ಆವಾಗಲೇ.

ದೊಡ್ಡವ್ವ ನನ್ನ ಹೆಂಡತಿಯ ಕಡೆ ತಿರುಗಿದಳು. "ಮದುವೆಗೆ ಬರ್ತೀಯೇನೇ? ನೀನು ಮುಂದೆ ಹಾಡು. ನಾನು ಎತ್ಕಳ್ತೀನಿ."

ಮದುವೆಯ ದಿನ ಊಟದ ಪಂಕ್ತಿ ಬಿಟ್ಟು ನಾನು ಹಸೆಯ ಹತ್ತಿರವೇ ನಿಂತೆ. ಹೆಂಡತಿ ಹೆದರಿದ್ದಳು, ಆದರೂ ಹಾಡು ಎತ್ತಿದಳು. ಆರನೆಯ ಸಾಲಿನ ಮೇಲೆ ಅವಳಿಗೆ ಮುಂದಿನದು ಮರೆತುಹೋಯಿತು. ಮುಖ ನೋಡಿದರೇ ತಿಳಿಯುತ್ತಿತ್ತು. ದೊಡ್ಡವ್ವ ತನ್ನ ಒಡಕು ದನಿಯಲ್ಲಿ ಆ ಆರನೆಯ ಸಾಲನ್ನು ಎತ್ತಿಕೊಂಡು ಹಾಡಿ ಮುಗಿಸಿದಳು, ಹೆಂಡತಿಯ ಮುಖ ನೋಡಿದಳು, ಮತ್ತೊಮ್ಮೆ ಮೊದಲಿನಿಂದ ಅದನ್ನೇ ಹಾಡಿದಳು, ಇನ್ನೂ ನಿಧಾನವಾಗಿ. ಅಷ್ಟರಲ್ಲಿ ಹೆಂಡತಿಗೆ ನೆನಪಾಯಿತು.