ಗೀರು ಬಿದ್ದ ರೆಕಾರ್ಡು

ತೊಂಬತ್ತರ ದಶಕದ ನಡುವಿನ ಮಾತು. ನಾನು ವಾಡಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಸೇಡಂನಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಟ. ನಮ್ಮದು ಗುಡಿ ಪೂಜೆಯ ಮನೆತನ. ಸಂಜೆಯ ಭಜನೆಯಲ್ಲಿ ಅಪ್ಪ ಹಾಡುತ್ತಿದ್ದರು, ನಾನು ಹಾರ್ಮೋನಿಯಂ ಹಿಡಿಯುತ್ತಿದ್ದೆ. ಅವರ ದನಿ ಸ್ವರದಿಂದ ಸ್ವರಕ್ಕೆ ಜಾರುವಾಗ ನನ್ನ ಪೆಟ್ಟಿಗೆ ಮೆಟ್ಟಿಲು ಹತ್ತುತ್ತ ಹಿಂದೆ ಬೀಳುತ್ತಿತ್ತು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಮನೆಯ ರೇಡಿಯೋ ರಿಪೇರಿಗೆಂದು ವಾಡಿ ಸ್ಟೇಷನ್ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೇಜಿನ ಮೇಲೆ ರೆಕಾರ್ಡೊಂದು ತಿರುಗುತ್ತಿತ್ತು. ಡ್ರಮ್ಮಿನ ಗದ್ದಲದಿಂದ ಒಂದು ಸ್ವರ ಎದ್ದು, ಎಲ್ಲೂ ಕಡಿಯದೆ, ಥೇಟ್ ಅಪ್ಪನ ದನಿಯ ಹಾಗೆ ಮೇಲಕ್ಕೆ ಜಾರಿತು.

"ಚಾಚಾ, ಇದ್ಯಾವ ವಾದ್ಯರಿ?"

"ಗಿಟಾರ್ ರೀ ಮಾಸ್ತರ. ಇಂಗ್ಲೀಷ್ ರಾಕ್. ಒಬ್ಬ ರೈಲ್ವೆ ಡ್ರೈವರ್ ಸಾಬರು ಊರು ಬಿಡೂ ಮುಂದ ಕೊಟ್ಟು ಹೋದ್ರು. ಕುಂದ್ರಿ, ಇನ್ನೊಮ್ಮೆ ಹಾಕ್ತೀನಿ."

ಮುಂದಿನ ತಿಂಗಳೇ ಗುಲಬರ್ಗಾದ ಆರ್ಕೆಸ್ಟ್ರಾದವರೊಬ್ಬರಿಂದ ಹಳೆಯ ಗಿಟಾರ್ ತಂದೆ. ಶನಿವಾರದ ಮಧ್ಯಾಹ್ನಗಳೆಲ್ಲ ಆ ಅಂಗಡಿಯಲ್ಲೇ ಕಳೆದವು. ಕ್ಯಾಸೆಟ್ಟಿನಲ್ಲಿ ಅಳಿಸಿಹೋಗುತ್ತಿದ್ದ ಸದ್ದು, ಬೆರಳು ತಂತಿಯನ್ನು ಉಜ್ಜುವ ಸಣ್ಣ ಕಿರುಗುಟ್ಟುವಿಕೆ ಕೂಡ, ರೆಕಾರ್ಡಿನಲ್ಲಿ ಕೇಳುತ್ತಿತ್ತು. ತಂತಿಯನ್ನು ಪಕ್ಕಕ್ಕೆ ತಳ್ಳಿದರೆ ಸ್ವರ ಏರುತ್ತದೆಂದು ಅದರಿಂದಲೇ ಊಹಿಸಿದೆ. ಎಷ್ಟು ತಳ್ಳಬೇಕೆಂಬುದು ಮಾತ್ರ ಕೈಗೆ ಹತ್ತಲಿಲ್ಲ. ಬೆರಳ ತುದಿಗಳು ಸೀಳಿದವು.

ಒಮ್ಮೆ ಚಾಚಾ ನಮಾಜಿಗೆ ಹೋದಾಗ, ಸ್ವರ ಏರುವ ಅದೇ ಜಾಗ ಮತ್ತೆ ಕೇಳುವ ಆತುರದಲ್ಲಿ ಪ್ಲೇಯರಿನ ಮುಳ್ಳು ಎತ್ತಿದೆ. ಕೈ ಜಾರಿತು. ರೆಕಾರ್ಡಿನ ಮೇಲೆ ಉದ್ದಕ್ಕೆ ಗೀರು. ಅವರು ಬಂದ ಕೂಡಲೇ ಹೇಳಿದೆ, "ಚಾಚಾ, ನನ್ನ ಕೈಲೆ ಹಾಳಾತ್ರಿ."

ಅವರು ರೆಕಾರ್ಡು ಎತ್ತಿಕೊಂಡರು. ಬೆಳಕಿಗೆ ಹಿಡಿದು ನೋಡಿದರು, ಮೆತ್ತನೆಯ ಬಟ್ಟೆಯಿಂದ ಒರೆಸಿದರು, ಮತ್ತೆ ಹಾಕಿದರು. ಗೀರಿನ ಹತ್ತಿರ ಬಂದು ಮುಳ್ಳು ಸಿಕ್ಕಿಕೊಂಡಿತು. ಅದೇ ಸ್ವರ ಏರಿತು, ಮತ್ತೆ ಏರಿತು. ನಾನು ಬಂದ್ ಮಾಡಲು ಕೈ ಚಾಚಿದೆ.

"ಬ್ಯಾಡ, ಇರ್ಲಿ ಬಿಡ್ರಿ. ಗಿಟಾರ್ ತಗೋರಿ. ಅದು ನಿಮ್ಮ ಸಲುವಾಗೇ ಹೇಳಾಕತ್ತದ."

ಎಷ್ಟು ಸಲ ತಿರುಗಿತೋ ಗೊತ್ತಿಲ್ಲ. ಗಿರಾಕಿಗಳು ಬಂದು ನಕ್ಕು ಹೋದರು. ಕೊನೆಗೊಮ್ಮೆ ನನ್ನ ತಂತಿಯೂ ರೆಕಾರ್ಡಿನ ತಂತಿಯೂ ಒಂದೇ ಎತ್ತರಕ್ಕೆ ನಿಂತವು. ಚಾಚಾ ಕೈಯಲ್ಲಿದ್ದ ಬೆಸುಗೆ ಹಾಕುವ ಕಡ್ಡಿ ಕೆಳಗಿಟ್ಟು "ಶಾಬಾಶ್!" ಎಂದರು.

ಮನೆಯಲ್ಲಿ ಗಿಟಾರ್ ಬಗ್ಗೆ ಅಪ್ಪ ಮುಖ ಸಿಂಡರಿಸಿಕೊಂಡೇ ಇದ್ದರು. ಒಂದು ಸಂಜೆ ಭಜನೆಯಲ್ಲಿ ಧೈರ್ಯ ಮಾಡಿ ಅವರ ದನಿಯ ಹಿಂದೆ ತಂತಿ ಜಾರಿಸಿದೆ. ಹಾಡು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಯಾರು ಕಲಿಸಿದ್ರು?"

ಮುಂದಿನ ಶನಿವಾರ ಅಪ್ಪನೂ ನನ್ನ ಜೊತೆ ವಾಡಿಗೆ, ಚಾಚಾನ ಅಂಗಡಿಗೆ ಬಂದರು.

"ನನ್ನ ಮಗಗ ನೀವು ಗುರು ಆದ್ರಿ," ಎಂದರು.

ಚಾಚಾ ಗಾಬರಿಯಾಗಿ ಎದ್ದು ನಿಂತರು. "ತೋಬಾ ರೀ ಸ್ವಾಮ್ಯಾರ, ನಂಗೇನ್ ಬರ್ತದ? ರೆಕಾರ್ಡ್ ಹಾಕೂದಷ್ಟೇ ನನ್ನ ಕೆಲಸ."

ಮಧ್ಯಾಹ್ನವೆಲ್ಲ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ರೆಕಾರ್ಡು ಕೇಳಿದರು. ಚಾಚಾ ನನಗಷ್ಟೇ ಚಹಾ ತರಿಸಿದರು; ಅಪ್ಪ ಮನೆ ಬಿಟ್ಟರೆ ನೀರೂ ಮುಟ್ಟುವುದಿಲ್ಲವೆಂದು ನಾನೇ ಹಿಂದೊಮ್ಮೆ ಹೇಳಿದ್ದೆ.

ಅಪ್ಪ ನನ್ನ ಕಪ್ಪು ನೋಡಿದರು, ಚಾಚಾನನ್ನು ನೋಡಿದರು.

"ಯಾಕ್ರೀ, ನನಗ ಚಾ ಇಲ್ಲೇನು?"