ಕೊನೆಯ ಎರಡು ರೀಲು

ಬ್ರೂಸ್‌ಪೇಟೆಯ ನಮ್ಮ ಚಹಾದಂಗಡಿಯವರು ಹಿಂದೆ ಕುರುಗೋಡಿನ ಟಾಕೀಸಿನಲ್ಲಿ ಸಿನಿಮಾ ಬಿಡುವ ಆಪರೇಟರ್ ಆಗಿದ್ದರು. ಹೆಸರಾಂತ ನಿರ್ದೇಶಕನೊಬ್ಬನ ಮುಂದಿನ ಥ್ರಿಲ್ಲರಿನಲ್ಲಿ ಕಾಲ ಹಿಂದಕ್ಕೆ ಓಡುತ್ತದಂತೆ, ಅದು ಹೇಗೆ ಎಂದು ನಾವು ಗೆಳೆಯರು ದಿನಾ ಅಲ್ಲಿ ಜಗಳಾಡುತ್ತಿದ್ದೆವು. ಅವರು ಚಹಾ ಸೋಸುತ್ತ, ತೋರುಬೆರಳನ್ನು ರೀಲಿನಂತೆ ಗಾಳಿಯಲ್ಲಿ ತಿರುಗಿಸಿ, "ಮೊದ್ಲು ನೋಡ್ರಲೇ, ಆಮ್ಯಾಲ ಬಡದಾಡ್ರಿ" ಅನ್ನುತ್ತಿದ್ದರು.

"ಕಾಲ ಹಿಂದಕ ಓಡಿ ಸತ್ತೋರು ತಿರುಗಿ ಬಂದ್ರ ಜನ ನಂಬ್ತಾರೇನ್ರಿ?" ಎಂದು ಒಮ್ಮೆ ಕೇಳಿದೆ.

"ಕುರುಗೋಡಾಗ ನಂಬ್ಯಾರ."

ಒಂದು ಮ್ಯಾಟ್ನಿಯಲ್ಲಿ ಅವರು ಕೊನೆಯ ಎರಡು ರೀಲುಗಳನ್ನು ಹಿಂದುಮುಂದಾಗಿ ಹಾಕಿಬಿಟ್ಟಿದ್ದರಂತೆ. ಹಾಗಾಗಿ ಕಥೆಯಲ್ಲಿ ಸತ್ತ ಮಗಳು ಎದ್ದು ಬಂದು ಅಂಗಳದಲ್ಲಿ ರಂಗೋಲಿ ಹಾಕುವಲ್ಲಿಗೆ ಸಿನಿಮಾ ಮುಗಿಯಿತು. ಜನ ಸಿಳ್ಳೆ ಹೊಡೆದರು. ಮರುದಿನ ರೀಲು ಸರಿಯಾಗಿಯೇ ಓಡಿತು, ಮಗಳು ಸತ್ತಳು. ಆಟ ಬಿಟ್ಟ ಮೇಲೆ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಇವರ ಪ್ರೊಜೆಕ್ಟರ್ ಕೋಣೆಗೇ ಬಂದಳು.

"ನಿನ್ನಿ ಆ ಹುಡುಗಿ ಎದ್ದು ಬಂದಿದ್ಲಲ್ಲಪಾ, ಇವತ್ಯಾಕ ಬರಲಿಲ್ಲ?"

"ನೀವೇನಂದ್ರಿ?" ಎಂದೆ.

"ನಾಳಿ ಬಾರವ್ವ ಅಂದೆ. ಮರುದಿನ ಬೇಕಂತ್ಲೇ ಹಿಂದುಮುಂದು ಹಾಕ್ದೆ. ಮಾಲೀಕ ಬೈದ. ಮುದುಕಿ ಮಾತ್ರ ಅವತ್ತು ಮೆಟ್ಲ ಹತ್ಲಿಲ್ಲ, ನಕ್ಕೋತ ಮನಿಗೆ ಹೋದ್ಲು."