ಬ್ರೇಕಿನಲ್ಲಿ ಬಿಟ್ಟ ಗಾಳಿ

ನಮ್ಮ ಕಡೆ ಮೋಟರ್‌ಸೈಕಲ್ಲಿನ ಮುಂದಿನ ಬ್ರೇಕನ್ನು ಯಾರೂ ಹಿಡಿಯುವುದಿಲ್ಲ. ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂಬುದು ಬ್ಯಾಡಗಿಯಿಂದ ಹಾವೇರಿಯವರೆಗೆ ಒಬ್ಬರೂ ಪರೀಕ್ಷಿಸದೆ ಒಪ್ಪಿಕೊಂಡಿರುವ ಸತ್ಯ. ಗಾಡಿ ಕಲಿಸುವಾಗಿನ ಮೊದಲ ಪಾಠವೇ ಅದು: "ಬಲಗೈ ಬೆರಳು ಲಿವರ್ ಮ್ಯಾಲೆ ಇಡಬ್ಯಾಡ." ಕೆಲವರಂತೂ ಹೊಸ ಗಾಡಿ ತಂದ ವಾರದಲ್ಲೇ ಅದರ ಕೇಬಲ್ ಸಡಿಲ ಮಾಡಿಸಿಬಿಡುತ್ತಾರೆ. ಹಾಗಾದರೆ ಗಾಡಿ ಮಾಡಿದವರು ಮುಂದಿನ ಗಾಲಿಗೇ ಏಕೆ ದೊಡ್ಡ ಬ್ರೇಕು ಕೊಡುತ್ತಾರೆ ಎಂದು ಕೇಳಿ ನೋಡಿ. "ಅವರಿಗೇನ್ ಗೊತ್ತು? ಅವರು ನಮ್ಮ ರಸ್ತೆದಾಗ ಹೊಡೀತಾರೇನು?" ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಿಸಿದ ಯಾವ ಪ್ರತಿವಾದಿಯೂ ಇಷ್ಟು ನೆಮ್ಮದಿಯಿಂದ ತಪ್ಪು ಹೇಳಿರಲಿಲ್ಲ.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೇನೆ. ಕಂಪನಿಗಾಗಿ ರೈತರು ಬೆಳೆಯುವ ಬೀಜದ ಪ್ಲಾಟುಗಳನ್ನು ಸುತ್ತಿ ನೋಡಿಬರುವುದು ನನ್ನ ಕೆಲಸ. ಗುತ್ತಲದ ಕಡೆಯ ಹೊಲಗಳಿಗೆ ಹೋಗಬೇಕೆಂದರೆ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತದೆ. ಅದಕ್ಕೇ ನನ್ನ ಸಂಬಳದಲ್ಲಿ ಒಂದು ಹಳೆಯ ಮೋಟರ್‌ಸೈಕಲ್ ಕೊಂಡೆ. ಸ್ಕೂಟಿ ಏಕೆ ಕೊಳ್ಳಲಿಲ್ಲ ಎಂದು ಕೇಳಿದವರೆಲ್ಲರನ್ನೂ ಹಸಿ ಎರೆಮಣ್ಣಿನ ಹೊಲದ ದಾರಿಗೆ ಒಮ್ಮೆ ಕರೆದೊಯ್ಯಬೇಕು. ಟ್ರ್ಯಾಕ್ಟರ್ ಹೋದ ಜಾಡಿನಲ್ಲಿ ಸಣ್ಣ ಗಾಲಿ ಕುಳಿತರೆ ಏಳುವುದಿಲ್ಲ.

ಆದರೆ ಕೊಂಡ ಗಾಡಿಯ ಮುಂಭಾಗ ಮುದಿಯಾಗಿತ್ತು. ಮುಂದಿನ ಗಾಲಿಯನ್ನು ಹಿಡಿದು ಕುಲುಕಾಟ ತಾಳುವ ಎರಡೂ ಫೋರ್ಕುಗಳಿಂದ ಎಣ್ಣೆ ಸೋರುತ್ತಿತ್ತು, ಪ್ರತಿ ಗುಂಡಿಯೂ ನೇರ ಮಣಿಕಟ್ಟಿಗೆ ಬಂದು ಬಡಿಯುತ್ತಿತ್ತು. ಬ್ರೇಕಿನ ಲಿವರ್ ಯಾರದೋ ಉದ್ದನೆಯ ಬೆರಳುಗಳಿಗೆಂದು ಮಾಡಿದ್ದು. ನನಗೆ ತುದಿಬೆರಳಷ್ಟೇ ಸಿಗುತ್ತಿತ್ತು. ಅದೇ ಗಾಡಿಯ ಡಿಸ್ಕ್ ಬ್ರೇಕ್ ಮಾದರಿಯ ಫೋರ್ಕು, ಗಾಲಿ, ಬ್ರೇಕು ಎಲ್ಲ ಕೂಡಿಸಿ, ತುಸು ಎತ್ತರದ ಹ್ಯಾಂಡಲ್ಲು, ಹತ್ತಿರಕ್ಕೆ ಹೊಂದಿಸಿಕೊಳ್ಳಬಹುದಾದ ಗಿಡ್ಡ ಲಿವರುಗಳನ್ನು ಹಾಕಿಸುವುದೆಂದು ನಿರ್ಧರಿಸಿ, ರಾಣೆಬೆನ್ನೂರಿನ ಒಂದು ಗ್ಯಾರೇಜಿಗೆ ಹೋದೆ.

"ಗಾಡಿ ಯಾರು ಹೊಡೀತಾರ್ರಿ?" ಮೆಕ್ಯಾನಿಕ್ ಕೇಳಿದ.

"ನಾ."

"ಅಲ್ರಿ ಅಕ್ಕಾರ, ದಿನಾ ಯಾರು ಹೊಡೀತಾರ?"

"ದಿನಾನೂ ನಾನ."

"ಮನ್ಯಾಗ ಗಂಡಸರು ಹೊಡಿಯಂಗಿಲ್ಲೇನ್ರಿ?"

"ಅವರ ಗಾಡಿ ಅವರು ಹೊಡೀತಾರ. ಅವರ ಬ್ರೇಕಿನ ವಿಚಾರ ಅವರು ಬಂದಾಗ ಕೇಳ್ರಿ."

ಅಪ್ಪ ಬಂದೇಬಿಟ್ಟ, ನನ್ನನ್ನು ಮನೆಗೆ ಕರೆದೊಯ್ಯಲು. ಅವನಿಗೆ ಸ್ಟೂಲು ಸಿಕ್ಕಿತು, ಚಹಾ ಬಂತು. ಅಲ್ಲಿಯವರೆಗೆ ನಾನು ವಿವರಿಸಿದ್ದೆಲ್ಲವನ್ನೂ ಮೆಕ್ಯಾನಿಕ್ ತಿರುಗಿ ಅಪ್ಪನಿಗೆ ವಿವರಿಸಿದ. ಹೊರಡುವಾಗ ಇಬ್ಬರೂ ನಂಬರು ಬದಲಾಯಿಸಿಕೊಂಡರು. ಗಾಡಿ ನನ್ನ ಹೆಸರಿನಲ್ಲಿತ್ತು, ದುಡ್ಡು ನನ್ನದಾಗಿತ್ತು, ಕೊನೆಗೆ ಮಣಿಕಟ್ಟಿನ ನೋವೂ ನನ್ನದೇ ಆಗಿತ್ತು.

ಗಾಡಿ ಸಿದ್ಧವಾದಾಗ ಫೋರ್ಕುಗಳು ಸೊಗಸಾಗಿದ್ದವು. ಹ್ಯಾಂಡಲ್ಲು ಕೈಗೆ ತಾನಾಗಿ ಬಂದು ಕೂತಿತು. ಲಿವರ್ ಮಾತ್ರ ಬಹಳ ಮೆತ್ತಗಿತ್ತು. ಕೇಳಿದ್ದಕ್ಕೆ ಮೆಕ್ಯಾನಿಕ್, "ಹೊಸಾದೈತ್ರಿ, ಕುಂದ್ರಾಕ ಒಂದೀಟು ಟೈಮ್ ತೊಗೋತೈತಿ" ಎಂದ. ಹೊಸ ಬ್ರೇಕ್ ಪ್ಯಾಡು ಹೊಂದಿಕೊಳ್ಳಲು ಸ್ವಲ್ಪ ಓಡಬೇಕು ಎಂಬುದು ಸುಳ್ಳಲ್ಲ. ಸುಳ್ಳಿಗೆ ಅಷ್ಟು ನಿಜ ಸಾಕು.

ಎರಡು ದಿನ ಬಿಟ್ಟು ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಬರುತ್ತಿದ್ದೆ. ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರೊಂದು ಅಡ್ಡದಾರಿಯಿಂದ ಹಾರ್ನೂ ಇಲ್ಲದೆ ರಸ್ತೆಗೆ ಏರಿತು. ಮುಂದಿನ ಬ್ರೇಕು ಹಿಡಿದೆ. ಲಿವರ್ ಏನೂ ಅಡ್ಡಿಯಿಲ್ಲದೆ ಬಂದು ಹ್ಯಾಂಡಲ್ಲಿಗೆ ತಾಗಿತು. ಗಾಡಿ ಓಡುತ್ತಲೇ ಇತ್ತು. ಹಿಂದಿನದನ್ನು ತುಳಿದೆ, ಗಾಲಿ ಬಿಗಿದು, ಗಾಡಿ ಅಡ್ಡ ಜಾರಿ, ರಸ್ತೆಯ ಅಂಚಿನಲ್ಲಿ ಒಣಹಾಕಿದ್ದ ಗೋವಿನಜೋಳದ ಮೇಲೆ ನನ್ನನ್ನು ಮಲಗಿಸಿತು. ಟ್ರ್ಯಾಕ್ಟರ್ ಹೋಯಿತು. ಜೋಳ ಆಡಿಸುತ್ತಿದ್ದ ಹೆಂಗಸು ಓಡಿಬಂದಳು.

"ಏ ಯವ್ವಾ! ರೋಡು ಅಷ್ಟು ದೊಡ್ಡದೈತಿ, ನಮ್ಮ ಗೋವಿನಜ್ವಾಳದಾಗ ಬರಬೇಕಿತ್ತೇನ್ ನಿನಗ?"

"ಬ್ರೇಕ್ ಹತ್ತಲಿಲ್ಲರಿ."

"ಬ್ರೇಕ್ ಹತ್ತಲಾರದ ಗಾಡಿ ಯಾಕ ಹೊಡೀತಿ ಮತ್ತ?" ಅಷ್ಟರಲ್ಲಿ ನನ್ನ ಮೊಳಕೈ ಕಂಡಿತು. "ರಗತ ಬರಾಕತ್ತೈತಲ್ಲ. ಕುಂದ್ರು, ನೀರು ಕುಡಿ. ಜಗಳಾ ಆಮ್ಯಾಲೆ ಆಡೋಣಂತ."

ಅಲ್ಲೇ ಕೂತು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಬಿದ್ದೆ ಎಂದ ಕೂಡಲೇ ಅವನ ದನಿ ಇಳಿಯಿತು.

"ನಿಮ್ಮ ಅಪ್ಪಾರು ಫೋನ್ ಹಚ್ಚಿದ್ರರಿ. ಹುಡುಗಿ ಗಾಬರಿಯಾಗಿ ಗಟ್ಟಿ ಹಿಡದು ಬಿದ್ದಾಳು, ಮುಂದಿಂದು ಮೆತ್ತಗ ಇಡು ಅಂದ್ರು. ಹಿರೇರು ಹೇಳಿದ ಮ್ಯಾಲೆ… ಎಣ್ಣಿ ಪೈಪಿನ್ಯಾಗ ಒಂದೀಟು ಗಾಳಿ ಬಿಟ್ಟೇನ್ರಿ."

ಡಿಸ್ಕ್ ಬ್ರೇಕಿನಲ್ಲಿ ಕೈಯ ಬಲವನ್ನು ಗಾಲಿಗೆ ಮುಟ್ಟಿಸುವುದು ಪೈಪಿನೊಳಗಿನ ಎಣ್ಣೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾನು ಹಿಡಿದ ಹಿಡಿತವೆಲ್ಲ ಆ ಗಾಳಿಯನ್ನು ಹಿಸುಕುವುದರಲ್ಲೇ ಮುಗಿದಿತ್ತು. ಗಾಡಿ ಹೊಡೆಯಬೇಡ ಎಂದು ಅಪ್ಪ ನೇರವಾಗಿ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಉತ್ತರ ಬರುತ್ತದೆಂದು ಗೊತ್ತಿದ್ದೇ ಹೇಳಲಿಲ್ಲ. ನನ್ನೆದುರು ತಲೆಯಾಡಿಸಿ, ಬೆನ್ನ ಹಿಂದೆ ಬ್ರೇಕು ಕೆಡಿಸಿದ. ಅದನ್ನು ಕಾಳಜಿ ಎಂದು ಕರೆಯುವವರ ಬಳಿ ನನಗೆ ಒಂದೇ ಪ್ರಶ್ನೆ: ಯಾರಾದರೂ ತಮ್ಮ ಮಗನ ಗಾಡಿಗೆ ಇಂಥ ಕಾಳಜಿ ಮಾಡಿಸಿದ್ದಾರೆಯೇ, ಅವನಿಗೆ ಹೇಳದೆ?

ಬ್ಯಾಡಗಿಯ ಮಾರ್ಕೆಟ್ಟಿನ ಹತ್ತಿರ ಅಪ್ಪನದು ಗೋಣಿಚೀಲದ ಅಂಗಡಿ. ಹಿಂದಿನ ಬ್ರೇಕಿನ ಮೇಲೇ ನಿಧಾನ ಬಂದು, ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದೆ. ಅವನು ನನ್ನ ಮೊಳಕೈ ನೋಡಿ ಎದ್ದು ನಿಂತ.

"ಬಿದ್ಯೇನು?"

"ಬಿದ್ದೇನಿ. ನೀ ಬೀಳಿಸಿದಿ."

ಸ್ವಲ್ಪ ಹೊತ್ತು ಚೀಲಗಳ ಕಟ್ಟನ್ನು ಸರಿಮಾಡಿದ. ಸರಿಯಾಗಿಯೇ ಇದ್ದ ಕಟ್ಟು ಅದು. ಆಮೇಲೆ ವಾದಕ್ಕಿಳಿದ. "ಬಾಜು ಅಂಗಡ್ಯಾಂವ ಮುಂದಿಂದು ಹಿಡದ ಪಲ್ಟಿ ಹೊಡದಿಲ್ಲೇನು?"

"ಅಂವ ಉಸುಕಿನ ಮ್ಯಾಲೆ ಹ್ಯಾಂಡಲ್ ತಿರುವಿಕೊಂಡು ಹಿಡದ. ಹಿಂದಿಂದು ಒಂದ ಹಿಡದು ಜಾರಿ ಬಿದ್ದವರನ್ನ ನೆನಪಿಟ್ಟೀಯೇನು? ಅವರು ಬಿದ್ರ ಹಣೆಬರಹ, ಇಂವ ಬಿದ್ರ ಮುಂದಿನ ಬ್ರೇಕು?"

"ನಿನ್ನ ಕೂಡ ಮಾತಾಡಿ ಗೆಲ್ಲಾಕಾಗಂಗಿಲ್ಲ."

"ಅದಕ್ಕ ಮಾತಾಡಲಾರದ ಗೆಲ್ಲಾಕ ಹೋದಿ."

"ನಿನ್ನ ಜೀವದ ಚಿಂತಿಗೆ ಮಾಡೇನವಾ."

"ನನ್ನ ಜೀವ ಅಂದಮ್ಯಾಲೆ ನನಗ ಹೇಳಬೇಕಿತ್ತಲ್ಲ ಅಪ್ಪಾ. ನಾ ಬ್ರೇಕ್ ಐತಿ ಅಂತ ತಿಳಕೊಂಡು ಹೊಡಿಯಾಕತ್ತಿದ್ದೆ. ಇಲ್ಲ ಅಂತ ಗೊತ್ತಿದ್ರ ಅಷ್ಟು ಜೋರಾಗಿ ಬರತಿದ್ದಿಲ್ಲ."

ಅವನ ಮುಖ ಬಾಡಿತು. ಆದರೆ ಬಾಡಿದ ಮುಖ ನನಗೆ ಬೇಕಾಗಿರಲಿಲ್ಲ. ಅದನ್ನು ನೋಡಿ ಕರಗಿ ಮನೆಗೆ ಹೋದರೆ ಮುಂದಿನ ಸರ್ವೀಸಿನಲ್ಲಿ ಮತ್ತೆ ಗಾಳಿ ಬಿಡಿಸುತ್ತಾನೆ. "ಗ್ಯಾರೇಜಿಗೆ ಫೋನ್ ಹಚ್ಚು," ಎಂದೆ. "ಸ್ಪೀಕರ್ ಹಾಕು."

"ನಾಳೆ ಹೇಳ್ತೇನಿ."

"ಇವತ್ತ ಬಿದ್ದೇನಿ, ಇವತ್ತ ಹೇಳು."

ಹಚ್ಚಿದ. "ಅಕಿ ಗಾಡಿ ಗಾಳಿ ಪೂರಾ ತಗದು ಗಟ್ಟಿ ಮಾಡು. ಇನ್ನಮ್ಯಾಲೆ ಅದರ ಬಗ್ಗೆ ನನ್ನ ಕೇಳಬ್ಯಾಡ, ಅಕಿನ್ನ ಕೇಳು."

"ಖರೇನ ಹೇಳಾಕತ್ತೀರೇನ್ರಿ ಸಾವ್ಕಾರ್ರ?" ಅತ್ತಲಿಂದ ದನಿ ಬಂತು. "ಇಲ್ಲಾ, ಅಕ್ಕಾರು ಬಾಜೂಕ ನಿಂತಾರೇನು?"

ಅಪ್ಪ ನನ್ನನ್ನು ನೋಡಿದ. "ನಿಂತಾಳ. ಖರೇನೂ ಹೇಳಾಕತ್ತೇನಿ."

ಗೆದ್ದೆ ಎನ್ನಬೇಕೇ? ನನ್ನ ಬ್ರೇಕು ನನ್ನ ಮಾತು ಕೇಳಲಿ ಎಂದು ಹೇಳುವುದಕ್ಕೂ ಅಪ್ಪನ ದನಿಯೇ ಬೇಕಾಯಿತು. ಆ ರಾತ್ರಿ ಊಟದ ಹೊತ್ತಿಗೂ ಸಿಟ್ಟು ಇಳಿದಿರಲಿಲ್ಲ.

ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಗಾಲಿಯ ಪಕ್ಕ ಕೂತು, ಬ್ರೇಕಿನ ಸಣ್ಣ ಸ್ಕ್ರೂಗೆ ಪಾರದರ್ಶಕ ನಳಿಕೆ ಸಿಕ್ಕಿಸಿದ. ಲಿವರನ್ನು ನಾನೇ ಹಿಡಿದೆ. "ಹಿಡೀರಿ… ಬಿಡ್ರಿ… ಹಿಡೀರಿ." ಎಣ್ಣೆಯ ಜೊತೆ ಗುಳ್ಳೆಗಳು ಸಾಲಾಗಿ ಹೊರಬಂದವು.

"ಸಾಕ್ರಿ, ಹೋತು."

"ಅಗಾ, ಇನ್ನೊಂದು ಬಂತು ನೋಡ್ರಿ."

ನೋಡಿದ. ಮತ್ತೆ ಸ್ಕ್ರೂ ತೆರೆದ. ಬರಿಯ ಎಣ್ಣೆ ಬರುವವರೆಗೆ ನಾನು ಬಿಡಲಿಲ್ಲ. ಲಿವರ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಓಣಿಯಲ್ಲಿ ಒಂದು ಸುತ್ತು ಹೋಗಿ ಬೇಕೆಂದೇ ಬಿಗಿಯಾಗಿ ಹಿಡಿದೆ. ಫೋರ್ಕು ಕುಗ್ಗಿತು, ಮೂಗು ತುಸು ಬಾಗಿತು, ಗಾಡಿ ನಿಂತಿತು.

ಮರಳಿ ಬಂದಾಗ ಮೆಕ್ಯಾನಿಕ್ ಕೈ ಒರೆಸಿಕೊಂಡು ಫೋನು ತೆಗೆಯುತ್ತಿದ್ದ.

"ಯಾರಿಗೆ?"

"ಅಪ್ಪಾರಿಗೆ ಒಂದು ಮಾತು ಹೇಳಿಬಿಡ್ತೇನ್ರಿ, ಕೆಲಸ ಮುಗೀತಂತ."

"ಯಾರ ಗಾಡಿ ಕೆಲಸ ಮುಗೀತು?"

"ನಿಮ್ಮದ್ರಿ."

"ಹಂಗಾರ ನನಗ ಹೇಳ್ರಿ."

ಒಂದು ಮಾರು ದೂರದಲ್ಲಿ ನಿಂತಿದ್ದೆ. ಫೋನನ್ನು ಕಿಸೆಗೆ ಹಾಕಿದ. ನನ್ನತ್ತ ನೋಡಿದ, ಗಾಡಿಯತ್ತ ನೋಡಿದ, ಗಂಟಲು ಸರಿಮಾಡಿಕೊಂಡ.

"ಮುಗೀತ್ರಿ, ಅಕ್ಕಾರ."